ಕಪಾಟಿನ ರೆಕಾರ್ಡು ನೋಡಿ ಮನುಷ್ಯನನ್ನು ಅಳೆಯಬಹುದೇ?

ಹೊಸದಾಗಿ ಪರಿಚಯವಾದವರ ಮನೆಗೆ ಹೋಗಿದ್ದೀರಿ ಎಂದುಕೊಳ್ಳಿ. ಮನೆಯವರು ಕಾಫಿ ತರಲು ಒಳಗೆ ಹೋಗುತ್ತಾರೆ. ಆ ಎರಡು ನಿಮಿಷ ನಮ್ಮ ಕಣ್ಣು ಸುಮ್ಮನಿರುವುದಿಲ್ಲ. ಗೋಡೆಯ ಮೇಲಿನ ಪಟ, ಕಪಾಟಿನ ಪುಸ್ತಕ ಎಲ್ಲವನ್ನೂ ಸವರಿಕೊಂಡು ಬರುತ್ತದೆ. ಕಾಫಿ ಬರುವಷ್ಟರಲ್ಲಿ ಆ ಮನೆಯವರ ಬಗ್ಗೆ ಒಂದು ತೀರ್ಪು ಸಿದ್ಧವಾಗಿರುತ್ತದೆ. ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ 1960ರ ದಶಕದ ಕೊನೆಯಿಂದ ಹೆಚ್ಚುಕಡಿಮೆ ನಲವತ್ತು ವರ್ಷಗಳ ಕಾಲ ಈ ಇಣುಕುನೋಟಕ್ಕೆ ಮೊದಲು ಸಿಕ್ಕುತ್ತಿದ್ದದ್ದು ರಾಕ್ ಸಂಗೀತದ ಆಲ್ಬಂಗಳ ಸಾಲು. ಈಗಲ್ಸ್ ಇದ್ದರೆ ಒಂದು ಷರಾ, ಪಿಂಕ್ ಫ್ಲಾಯ್ಡ್ ಇದ್ದರೆ ಇನ್ನೊಂದು, ವೆಲ್ವೆಟ್ ಅಂಡರ್‌ಗ್ರೌಂಡ್ ಇದ್ದರೆ ಇವರು ವಿಷಯ ಬಲ್ಲವರು ಎಂಬ ಗೌರವ.

ಬಹುಪಾಲು ಇದೊಂದು ನಿರುಪದ್ರವಿ ಹವ್ಯಾಸ. ಆದರೆ ಇದೇ ಹವ್ಯಾಸ ಒಮ್ಮೆ ನ್ಯಾಯಾಲಯದ ಕಟಕಟೆಯವರೆಗೂ ಹೋಗಿ ಒಬ್ಬ ತರುಣನಿಗೆ ಮರಣದಂಡನೆ ವಿಧಿಸುವಲ್ಲಿ ಪಾತ್ರ ವಹಿಸಿತ್ತು. ಅಲ್ಲಿಗೆ ಹೋಗುವ ಮೊದಲು ಈ ಅಳತೆಗೋಲು ಹುಟ್ಟಿದ್ದು ಹೇಗೆ, ಅದು ಎಷ್ಟು ನಿಖರ ಎಂಬುದನ್ನು ನೋಡೋಣ.

ನಿಮಿಷಕ್ಕೆ ಮೂವತ್ತಮೂರೂ ಕಾಲು ಚಿಲ್ಲರೆ ಸುತ್ತು ತಿರುಗುವ ಎಲ್‌ಪಿ ರೆಕಾರ್ಡನ್ನು ಕೊಲಂಬಿಯಾ ಕಂಪನಿ ಮಾರುಕಟ್ಟೆಗೆ ತಂದದ್ದು 1948ರಲ್ಲಿ. ಆರಂಭದಲ್ಲಿ ಅದು ಶಾಸ್ತ್ರೀಯ ಸಂಗೀತ ಕೇಳುವ ಹಿರಿಯರ ಸೊತ್ತಾಗಿತ್ತು. ಹರೆಯದವರು ಕೊಳ್ಳುತ್ತಿದ್ದದ್ದು ಒಂದೊಂದು ಮಗ್ಗುಲಿಗೆ ಒಂದೊಂದು ಹಾಡಿರುವ ಚಿಕ್ಕ ರೆಕಾರ್ಡುಗಳನ್ನು. 1967ರಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಬಂದ ಹೊತ್ತಿಗೆ ಇಡೀ ಆಲ್ಬಮ್ಮೇ ಒಂದು ಕೃತಿ ಎಂಬ ಭಾವನೆ ರಾಕ್ ಲೋಕದಲ್ಲಿ ಬೇರೂರಿತು. ಅದೇ ವರ್ಷ ‘ರೋಲಿಂಗ್ ಸ್ಟೋನ್’ ಪತ್ರಿಕೆಯೂ ಆರಂಭವಾಯಿತು. ಪುಸ್ತಕಕ್ಕೆ ವಿಮರ್ಶೆ ಬರೆಯುವಂತೆ ಆಲ್ಬಮ್ಮಿಗೂ ವಿಮರ್ಶೆ ಬರತೊಡಗಿತು. ಹನ್ನೆರಡು ಅಂಗುಲದ ಹೊದಿಕೆ, ಬೆನ್ನಿನ ಮೇಲೆ ಮುದ್ರಿತ ಹೆಸರು, ಸಾಲಾಗಿ ನಿಲ್ಲಿಸಿದರೆ ಥೇಟ್ ಗ್ರಂಥಾಲಯ. ಕಿವಿಗೆ ಸೇರಿದ್ದ ಅಭಿರುಚಿ ಕಣ್ಣಿಗೆ ಕಾಣುವ ವಸ್ತುವಾಯಿತು.

ಈ ತೀರ್ಪಿನ ಆಟವನ್ನು ಕಥೆಯಾಗಿಸಿ ಲೋಕವನ್ನೇ ನಗಿಸಿದವರು ಇಂಗ್ಲಿಷ್ ಕಾದಂಬರಿಕಾರ ನಿಕ್ ಹಾರ್ನ್‌ಬಿ. 1995ರ ‘ಹೈ ಫಿಡೆಲಿಟಿ’ ಕಾದಂಬರಿಯ ನಾಯಕ ರಾಬ್‌ನದು ಲಂಡನ್ನಿನಲ್ಲಿ ಒಂದು ರೆಕಾರ್ಡು ಅಂಗಡಿ. ಗ್ರಾಹಕನ ಆಯ್ಕೆ ಹಿಡಿಸದಿದ್ದರೆ ಮಾರಲು ಒಲ್ಲೆನೆನ್ನುವ ಸಹಾಯಕ ಅಲ್ಲಿದ್ದಾನೆ. ಒಂದು ರಾತ್ರಿ ರಾಬ್‌ನನ್ನು ಗೆಳತಿ ತನ್ನ ಪರಿಚಯದ ದಂಪತಿಯ ಮನೆಗೆ ಊಟಕ್ಕೆ ಕರೆದೊಯ್ಯುತ್ತಾಳೆ. ಅವರ ಮಾತು, ನಡವಳಿಕೆ, ಸ್ನೇಹಪರತೆ ಎಲ್ಲವೂ ಅವನಿಗೆ ಬಹಳ ಇಷ್ಟವಾಗುತ್ತದೆ. ಆಮೇಲೆ ಅವರ ರೆಕಾರ್ಡುಗಳನ್ನು ನೋಡುತ್ತಾನೆ. ಅವನ ಲೆಕ್ಕದಲ್ಲಿ ಒಂದಕ್ಕಿಂತ ಒಂದು ಕಳಪೆ! ತನ್ನ ಬದುಕಿನ ಸಿದ್ಧಾಂತವೇ ಕುಸಿದು ಬಿದ್ದಂತೆ ಅವನು ಕಕ್ಕಾಬಿಕ್ಕಿಯಾಗುವ ಆ ಪ್ರಸಂಗ ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

ಹಾಗಾದರೆ ಸಂಗೀತದಿಂದ ಮನುಷ್ಯನನ್ನು ಅರಿಯುವುದು ಶುದ್ಧ ಭ್ರಮೆಯೇ? ಅಲ್ಲ ಎನ್ನುತ್ತದೆ ಮನಶ್ಶಾಸ್ತ್ರ. ಪೀಟರ್ ರೆಂಟ್‌ಫ್ರೋ ಮತ್ತು ಸ್ಯಾಮ್ ಗಾಸ್ಲಿಂಗ್ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಂದ ತಮ್ಮ ಮೆಚ್ಚಿನ ಹತ್ತು ಹಾಡುಗಳ ಪಟ್ಟಿ ಪಡೆದರು. ಆ ವಿದ್ಯಾರ್ಥಿಗಳನ್ನು ಕಂಡೇ ಇರದ ಕೆಲವರಿಗೆ ಹಾಡುಗಳನ್ನು ಕೇಳಿಸಿ, ಇವರ ಸ್ವಭಾವ ಹೇಗಿರಬಹುದೆಂದು ಊಹಿಸಲು ಹೇಳಿದರು. ಹೊಸ ಅನುಭವಗಳಿಗೆ ತೆರೆದುಕೊಳ್ಳುವ ಗುಣವನ್ನು ಆ ಅಪರಿಚಿತರು ಸಾಕಷ್ಟು ಸರಿಯಾಗಿಯೇ ಗುರುತಿಸಿದರು. ಶಿಸ್ತು, ಜವಾಬ್ದಾರಿಗಳ ವಿಷಯದಲ್ಲಿ ಮಾತ್ರ ಊಹೆ ಕೈಕೊಟ್ಟಿತು. ಹಾಡು ಕೇಳಿ ಕುತೂಹಲಿಯನ್ನು ಗುರುತಿಸಬಹುದು, ಸಾಲ ಹಿಂದಿರುಗಿಸುವವನನ್ನಲ್ಲ ಎಂದು ಬೇಕಾದರೆ ಹೇಳಿಕೊಳ್ಳಬಹುದು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ಪಟ್ಟಿಯನ್ನು ವಿದ್ಯಾರ್ಥಿಗಳು ತಾವೇ ಯೋಚಿಸಿ ಬರೆದಿದ್ದರು. ಕಪಾಟು ಹಾಗಲ್ಲ. ಅದರಲ್ಲಿ ನಾವು ಆರಿಸಿಕೊಂಡದ್ದೂ ಇರುತ್ತದೆ, ನಮ್ಮ ಮೇಲೆ ಬಂದು ಬಿದ್ದದ್ದೂ ಇರುತ್ತದೆ.

ಅಮೆರಿಕದ ಕಥೆಯನ್ನೇ ನೋಡಿ. ಅಲ್ಲಿ 1955ರಲ್ಲಿ ಕೊಲಂಬಿಯಾ ರೆಕಾರ್ಡ್ ಕ್ಲಬ್ ಹುಟ್ಟಿತು. ಮುಂದೆ ಅದು ಕೊಲಂಬಿಯಾ ಹೌಸ್ ಎಂದು ಹೆಸರಾಯಿತು. ಪುಡಿಗಾಸಿಗೆ ಹತ್ತಾರು ಆಲ್ಬಂ ಕೊಡುತ್ತೇವೆ ಎಂಬ ಜಾಹೀರಾತು ನೋಡಿ ಜನ ಸದಸ್ಯರಾಗುತ್ತಿದ್ದರು. ನಂತರ ‘ಈ ತಿಂಗಳ ಆಯ್ಕೆ’ ಎಂಬ ಕಾರ್ಡು ಅಂಚೆಯಲ್ಲಿ ಬರುತ್ತಿತ್ತು. ಬೇಡವೆಂದು ಗಡುವಿನೊಳಗೆ ಆ ಕಾರ್ಡನ್ನು ವಾಪಸು ಕಳಿಸದಿದ್ದರೆ ಆಲ್ಬಂ ಮನೆಗೆ ಬರುತ್ತಿತ್ತು, ಹಿಂದೆಯೇ ಬಿಲ್ಲೂ ಬರುತ್ತಿತ್ತು. ಎಷ್ಟೋ ಮನೆಗಳ ಕಪಾಟಿನಲ್ಲಿದ್ದ ರೆಕಾರ್ಡು ಯಜಮಾನನ ಅಭಿರುಚಿಗೆ ಸಾಕ್ಷಿಯಲ್ಲ, ಅವನ ಸೋಮಾರಿತನಕ್ಕೆ ಸಾಕ್ಷಿ. 2014ರ ಸೆಪ್ಟೆಂಬರ್‌ನಲ್ಲಿ ಇದರ ಪರಮಾವಧಿಯನ್ನೇ ಜಗತ್ತು ಕಂಡಿತು. ಆಪಲ್ ಕಂಪನಿಯು ಯು2 ತಂಡದ ‘ಸಾಂಗ್ಸ್ ಆಫ್ ಇನೊಸೆನ್ಸ್’ ಆಲ್ಬಮ್ಮನ್ನು ಐಟ್ಯೂನ್ಸ್‌ನ ಸುಮಾರು 50 ಕೋಟಿ ಬಳಕೆದಾರರ ಸಂಗ್ರಹಕ್ಕೆ ಕೇಳದೆಯೇ ಸೇರಿಸಿಬಿಟ್ಟಿತು. ಜನ ರೇಗಿದರು. ವಾರದೊಳಗೆ ಅದನ್ನು ಅಳಿಸುವ ವ್ಯವಸ್ಥೆಯನ್ನು ಕಂಪನಿಯೇ ಒದಗಿಸಬೇಕಾಯಿತು. ಬಿಟ್ಟಿ ಕೊಟ್ಟದ್ದಕ್ಕೆ ಇಷ್ಟು ಸಿಟ್ಟೇಕೆ? ಅದು ತಮ್ಮ ಸಂಗ್ರಹದಲ್ಲಿ ಕಾಣಿಸಿಕೊಂಡಿತು ಎಂಬುದೇ ಹಲವರ ತಕರಾರು.

ಬೆಂಗಳೂರಿನ ರಾಕ್ ಪ್ರೇಮಿಗಳ ಕಪಾಟಂತೂ ಇನ್ನೂ ಮೋಸಗಾರ. 1980 ಮತ್ತು 90ರ ದಶಕಗಳಲ್ಲಿ ಇಲ್ಲಿ ಅಧಿಕೃತವಾಗಿ ಬಿಡುಗಡೆಯಾದ ಕ್ಯಾಸೆಟ್ಟುಗಳಷ್ಟೇ ಅಂಗಡಿಯಲ್ಲಿ ಸಿಗುತ್ತಿದ್ದವು. ಉಳಿದದ್ದಕ್ಕೆ ವಿದೇಶದಿಂದ ಬರುವ ಚಿಕ್ಕಪ್ಪನೋ, ಅವನಿಂದ ಎಲ್‌ಪಿ ತರಿಸಿಕೊಂಡ ಗೆಳೆಯನೋ ಗತಿ. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಂಡರೆ ಒಂದು ಮಗ್ಗುಲಿಗೆ ಒಂದು ಆಲ್ಬಮ್ಮಿನಂತೆ ಎರಡನ್ನು ತುಂಬಿಸಿಕೊಳ್ಳಬಹುದಿತ್ತು. ಆಲ್ಬಂ ನಲವತ್ತೈದು ನಿಮಿಷ ಮೀರಿದರೆ ಕೊನೆಯ ಹಾಡು ನಡುವೆಯೇ ಕತ್ತರಿಸಿ ಹೋಗುತ್ತಿತ್ತು. ಹಾಗೆ ಅರ್ಧ ಹಾಡನ್ನೇ ಪೂರ್ತಿ ಹಾಡೆಂದು ವರ್ಷಗಟ್ಟಲೆ ಕೇಳಿದವರಿದ್ದಾರೆ. ಅಂಥ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಪೆನ್ನಿನಲ್ಲಿ ಬರೆದ ಹೆಸರು ಅವರ ಅಭಿರುಚಿಗಿಂತ ಹೆಚ್ಚಾಗಿ ಗೆಳೆಯನ ಚಿಕ್ಕಪ್ಪನ ಅಭಿರುಚಿಯನ್ನು ಹೇಳುತ್ತಿತ್ತು.

ಇನ್ನು ಅಳೆಯುವವರ ಕಡೆಗೆ ತಿರುಗೋಣ. 2003ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಂಗಳ ಪಟ್ಟಿ ಪ್ರಕಟಿಸಿದಾಗ ಮೊದಲ ಸ್ಥಾನ ‘ಸಾರ್ಜೆಂಟ್ ಪೆಪ್ಪರ್’ಗೆ ಸಂದಿತು. ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆರನೆಯದಾಗಿತ್ತು. 2020ರಲ್ಲಿ ಹೊಸ ತೀರ್ಪುಗಾರರನ್ನು ಸೇರಿಸಿಕೊಂಡು ಪಟ್ಟಿಯನ್ನು ಮತ್ತೆ ಕಟ್ಟಿದಾಗ ಮಾರ್ವಿನ್ ಗೇ ಮೊದಲಿಗೆ ಬಂದರು, ‘ಸಾರ್ಜೆಂಟ್ ಪೆಪ್ಪರ್’ 24ಕ್ಕೆ ಇಳಿಯಿತು. ಎರಡೂ ರೆಕಾರ್ಡುಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಇದಕ್ಕಿಂತ ಕಣ್ಣು ತೆರೆಸುವಂಥದ್ದು 1991ರಲ್ಲಿ ನಡೆಯಿತು. ಅಲ್ಲಿಯವರೆಗೆ ‘ಬಿಲ್‌ಬೋರ್ಡ್’ ಪತ್ರಿಕೆಯ ಜನಪ್ರಿಯ ಆಲ್ಬಂ ಪಟ್ಟಿ ತಯಾರಾಗುತ್ತಿದ್ದದ್ದು ಅಂಗಡಿಯವರ ಬಾಯಿಮಾತಿನ ಮೇಲೆ. ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ಕೇಳಿದರೆ ಅವರು ಹೇಳಿದ್ದೇ ಲೆಕ್ಕ. ಆ ವರ್ಷದ ಮೇ ತಿಂಗಳಿನಿಂದ ಗಲ್ಲಾದಲ್ಲಿ ಓದುವ ಬಾರ್‌ಕೋಡ್ ಆಧರಿಸಿ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ನಿಜವಾದ ಮಾರಾಟವನ್ನು ಎಣಿಸತೊಡಗಿತು. ಕೆಲವೇ ವಾರಗಳಲ್ಲಿ ಎನ್‌ಡಬ್ಲ್ಯುಎ ಎಂಬ ರ‍್ಯಾಪ್ ತಂಡ, ಸ್ಕಿಡ್ ರೋ ಎಂಬ ಹೆವಿ ಮೆಟಲ್ ತಂಡ ಮೊದಲ ಸ್ಥಾನಕ್ಕೆ ಬಂದವು. ಸೆಪ್ಟೆಂಬರ್‌ನಲ್ಲಿ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್ ಆಲ್ಬಂ ನೇರವಾಗಿ ಮೊದಲ ಸ್ಥಾನದಲ್ಲೇ ಪ್ರವೇಶ ಪಡೆಯಿತು. ಜನರ ಅಭಿರುಚಿ ಒಂದು ಬೇಸಿಗೆಯಲ್ಲಿ ಹೀಗೆ ತಲೆಕೆಳಗಾದೀತೇ? ಅವರು ಮೊದಲಿನಿಂದಲೂ ಇವನ್ನು ಕೊಳ್ಳುತ್ತಿದ್ದರು. ಎಣಿಸುವವರಿಗೆ ಕಂಡಿರಲಿಲ್ಲ ಅಷ್ಟೇ.

ಯಾರ ಸಂಗೀತ ಕಣ್ಣಿಗೆ ಬೀಳುವುದಿಲ್ಲ, ಯಾರದು ಬಿದ್ದರೂ ಮೂಗು ಮುರಿಯುವಂತೆ ಮಾಡುತ್ತದೆ? ಅಭಿರುಚಿ ಎಂಬುದು ವರ್ಗದ ಗುರುತಿನ ಚೀಟಿ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು 1979ರಷ್ಟು ಹಿಂದೆಯೇ ವಾದಿಸಿದ್ದರು. ಅಮೆರಿಕದ ಬೆಥನಿ ಬ್ರೈಸನ್ 1993ರ ರಾಷ್ಟ್ರೀಯ ಸಮೀಕ್ಷೆಯೊಂದನ್ನು ಆಧರಿಸಿ 1996ರಲ್ಲಿ ಬರೆದ ಪ್ರಬಂಧ ಇನ್ನೂ ಮೊನಚು. ಹೆಚ್ಚು ಓದಿದವರು ಹೆಚ್ಚು ಬಗೆಯ ಸಂಗೀತವನ್ನು ಒಪ್ಪುತ್ತಾರೆ. ಆದರೆ ಅವರೂ ಬೇಡವೆನ್ನುವುದು ಹೆವಿ ಮೆಟಲ್, ರ‍್ಯಾಪ್, ಕಂಟ್ರಿ, ಗಾಸ್ಪೆಲ್‌ಗಳನ್ನು. ಆ ನಾಲ್ಕರ ಅಭಿಮಾನಿಗಳು ಅತಿ ಕಡಿಮೆ ಓದಿದವರು! ‘ನಾನು ಎಲ್ಲವನ್ನೂ ಕೇಳುತ್ತೇನೆ’ ಎನ್ನುವವರ ‘ಎಲ್ಲ’ಕ್ಕೂ ಒಂದು ಬೇಲಿ ಇರುತ್ತದೆ.

ಆ ಬೇಲಿಗೆ ಬೆಂಕಿ ಬಿದ್ದ ಪ್ರಸಂಗವೂ ಉಂಟು. 1979ರ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಎರಡು ಬೇಸ್‌ಬಾಲ್ ಪಂದ್ಯಗಳಿದ್ದವು. ಒಂದು ಡಿಸ್ಕೋ ರೆಕಾರ್ಡು ತಂದವರಿಗೆ ಪ್ರವೇಶ ಶುಲ್ಕ ಬರೀ 98 ಸೆಂಟ್. ಪಂದ್ಯಗಳ ನಡುವೆ ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕ, ರಾಕ್ ಅಭಿಮಾನಿಗಳ ಜಯಘೋಷದ ನಡುವೆ ಆ ರೆಕಾರ್ಡುಗಳ ರಾಶಿಯನ್ನು ಸ್ಫೋಟಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿ ಎರಡನೆಯ ಪಂದ್ಯವೇ ನಡೆಯಲಿಲ್ಲ. ಅಂದು ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ಕಪ್ಪು ಹುಡುಗ ವಿನ್ಸ್ ಲಾರೆನ್ಸ್ ಮುಂದೆ ಸ್ವತಃ ಸಂಗೀತ ನಿರ್ಮಾಪಕರಾದರು. ಜನ ತಂದಿದ್ದ ರೆಕಾರ್ಡುಗಳಲ್ಲಿ ಹಲವು ಡಿಸ್ಕೋ ಆಗಿರಲೇ ಇಲ್ಲ, ಬರೀ ಕಪ್ಪು ಕಲಾವಿದರದ್ದಾಗಿದ್ದವು ಎಂದು ಅವರು ನೆನಪಿಸಿಕೊಂಡಿದ್ದಾರೆ.

ಮೇಲೆ ಹೇಳಿದ ಸಮೀಕ್ಷೆ ನಡೆದ 1993ರಲ್ಲೇ, ಮೇ ತಿಂಗಳಲ್ಲಿ, ಅರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್ ಎಂಬ ಊರಿನಲ್ಲಿ ಎಂಟು ವರ್ಷದ ಮೂವರು ಬಾಲಕರ ಕೊಲೆಯಾಯಿತು. ಸೈತಾನನ ಪೂಜೆಗಾಗಿ ಕೊಂದಿದ್ದಾರೆ ಎಂಬ ಗುಲ್ಲು ಊರಿಡೀ ಹಬ್ಬಿತು. ಪೊಲೀಸರು ಹಿಡಿದದ್ದು ಬಡ ಕುಟುಂಬಗಳ ಮೂವರು ಹದಿಹರೆಯದವರನ್ನು. ಅವರಲ್ಲಿ ಹಿರಿಯವನಾದ ಡೇಮಿಯನ್ ಎಕಲ್ಸ್‌ಗೆ ಹದಿನೆಂಟು ವರ್ಷ. ಅವರನ್ನು ಕೊಲೆಗೆ ಜೋಡಿಸುವ ಭೌತಿಕ ಸಾಕ್ಷ್ಯ ತೀರಾ ದುರ್ಬಲವಾಗಿತ್ತು. ಮೂವರಲ್ಲೊಬ್ಬ ದೀರ್ಘ ವಿಚಾರಣೆಯ ನಂತರ ಕೊಟ್ಟ ತಪ್ಪೊಪ್ಪಿಗೆಯಲ್ಲಿ ಪರಸ್ಪರ ವಿರೋಧಗಳಿದ್ದವು, ಅದನ್ನೂ ಅವನು ಹಿಂತೆಗೆದುಕೊಂಡ. 1994ರ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ತನ್ನ ವಾದವನ್ನು ಬಲಪಡಿಸಿಕೊಂಡದ್ದು ಕಪ್ಪು ಬಟ್ಟೆ, ಓದುತ್ತಿದ್ದ ಪುಸ್ತಕ, ಕೇಳುತ್ತಿದ್ದ ಹೆವಿ ಮೆಟಲ್ ಸಂಗೀತಗಳ ಮೂಲಕ. ಮೆಟಾಲಿಕಾ ಕೇಳುವವನು ಇಂಥದ್ದನ್ನು ಮಾಡಿಯಾನು ಎಂಬ ಊಹೆಗೆ ಆ ಊರಿನ ಜನ ಮೊದಲೇ ಸಿದ್ಧರಾಗಿದ್ದರು. ಎಕಲ್ಸ್‌ಗೆ ಮರಣದಂಡನೆಯಾಯಿತು, ಉಳಿದಿಬ್ಬರಿಗೆ ಜೀವಾವಧಿ ಶಿಕ್ಷೆ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಅಂಥದೇ ಕಪ್ಪು ಅಂಗಿ ತೊಟ್ಟ ಸಾವಿರಾರು ಜನ ಅಲ್ಲಿ ನೆರೆದಿದ್ದರು. ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಸಾಫ್ಟ್‌ವೇರ್ ಉದ್ಯೋಗಿಗಳು. ಆ ಅಂಗಿ ಇಲ್ಲಿ ಹೆಚ್ಚೆಂದರೆ ಅಮ್ಮನಿಂದ ಬೈಗುಳ ತರಬಲ್ಲದಾಗಿತ್ತು.

ಅದಕ್ಕೆ ಎರಡು ತಿಂಗಳ ಹಿಂದಷ್ಟೇ, 2011ರ ಆಗಸ್ಟ್ 19ರಂದು, ಎಕಲ್ಸ್ ಮತ್ತು ಸಂಗಡಿಗರು ಹದಿನೆಂಟು ವರ್ಷಗಳ ಸೆರೆವಾಸದ ನಂತರ ಹೊರಬಂದಿದ್ದರು. ಪ್ರಕರಣದ ಬಗ್ಗೆ 1996ರಲ್ಲಿ ಬಂದ ‘ಪ್ಯಾರಡೈಸ್ ಲಾಸ್ಟ್’ ಸಾಕ್ಷ್ಯಚಿತ್ರಕ್ಕೆ ಮೆಟಾಲಿಕಾ ತನ್ನ ಸಂಗೀತವನ್ನು ಬಳಸಲು ಅನುಮತಿ ಕೊಟ್ಟಿತ್ತು. ಆ ಚಿತ್ರದಿಂದಲೇ ಅವರ ಪರವಾದ ಹೋರಾಟ ದೇಶದಾದ್ಯಂತ ಹರಡಿತು, ಪರ್ಲ್ ಜಾಮ್ ತಂಡದ ಗಾಯಕ ಎಡ್ಡಿ ವೆಡರ್ ಅವರಂಥ ರಾಕ್ ಕಲಾವಿದರು ಬೆನ್ನಿಗೆ ನಿಂತರು. ನಂತರದ ಡಿಎನ್‌ಎ ಪರೀಕ್ಷೆಗಳಲ್ಲಿ ಸ್ಥಳದಲ್ಲಿ ಸಿಕ್ಕ ಯಾವ ಕುರುಹೂ ಆ ಮೂವರಿಗೆ ಹೊಂದಲಿಲ್ಲ. ಆದರೂ ಬಿಡುಗಡೆ ಆದದ್ದು ಒಂದು ವಿಚಿತ್ರ ಒಪ್ಪಂದದ ಮೇಲೆ. ನಾವು ನಿರಪರಾಧಿಗಳು ಎಂದು ಹೇಳಿಕೊಳ್ಳುತ್ತಲೇ, ಶಿಕ್ಷೆಗೆ ಸಾಕಾಗುವಷ್ಟು ಸಾಕ್ಷ್ಯ ಪ್ರಾಸಿಕ್ಯೂಷನ್ ಬಳಿ ಇದೆ ಎಂದು ಅವರು ಒಪ್ಪಬೇಕಾಯಿತು. ನ್ಯಾಯಾಲಯದ ಕಡತದಲ್ಲಿ ಅವರು ಅಪರಾಧಿಗಳಾಗಿಯೇ ಹೊರಬಂದರು.