ಕೆಂದಾಕಳು, ಎರಿ ಹೊಲ, ಹಣ್ಣು ಮೆಣಸಿನಕಾಯಿ

ಕನ್ನಡದ ಬಣ್ಣಗಳಲ್ಲಿ ಬಿಳಿ, ಕಪ್ಪು, ಕೆಂಪು, ಹಸಿರು ಈ ನಾಲ್ಕೂ ಮೂಲದಿಂದಲೇ ಕನ್ನಡದವು. ನೀಲಿ ಸಂಸ್ಕೃತದಿಂದ ಬಂದದ್ದು. ಹಳದಿ ಮರಾಠಿಯ ‘ಹಳದ’ಕ್ಕೆ, ಅಂದರೆ ಅರಿಶಿಣಕ್ಕೆ ನೆಂಟ. ಮನೆಯವರು ಯಾರು, ಹೊರಗಿನಿಂದ ಬಂದವರು ಯಾರು ಎಂಬುದು ಮಾತಿನಲ್ಲೇ ಗೊತ್ತಾಗುತ್ತದೆ. ಹಾನಗಲ್ ಕಡೆಯ ರೈತರು ಬೆಳ್ಳಗ, ಕರ್ರಗ, ಕೆಂಪಗ, ಹಚ್ಚಗ ಅನ್ನುತ್ತಾರೆ; ‘ನೀಲಗ’, ‘ಹಳದಗ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಬೆಳ್ಳುಳ್ಳಿ, ಕಾರ್ಮೋಡ, ಕೆಂದಾವರೆಗಳಲ್ಲಿ ಬಣ್ಣ ಕರಗಿ ಹೆಸರಿನೊಳಗೆ ಸೇರಿಕೊಂಡಿದೆ. ಹಾಗೆ ಕರಗಲು ಬಳಕೆ ಬಹಳ ಹಳೆಯದಾಗಿರಬೇಕು. ಭಾಷೆಗಳಲ್ಲಿ ಮೊದಲು ಕಪ್ಪು–ಬಿಳಿ, ಆಮೇಲೆ ಕೆಂಪು, ನಂತರ ಹಸಿರು ಅಥವಾ ಹಳದಿ, ಅದಾದ ಮೇಲೆ ನೀಲಿ ಹುಟ್ಟುತ್ತವೆ ಎಂದು ಸಂಶೋಧಕರಾದ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ 1969ರಲ್ಲಿ ವಾದಿಸಿದರು. ಕನ್ನಡದ ನಾಲ್ಕು ಪದಗಳು ಆ ಸಾಲಿಗೆ ಸರಿಯಾಗಿ ಹೊಂದುತ್ತವೆ.

ಹಸಿರಿನ ಹಳೆಯ ರೂಪ ‘ಪಸುರ್’. ಅದು ‘ಹಸಿ’ಯ ಬಳಗದ್ದು: ಬೇಯಿಸದ್ದು, ಒಣಗದ್ದು, ನೀರಿರುವುದು ಎಲ್ಲವೂ ಹಸಿಯೇ. ಹಿರೇಕೆರೂರಿನ ನೆರೆಯ ಬ್ಯಾಡಗಿಯ ಮೆಣಸಿನಕಾಯಿಯನ್ನೇ ನೋಡಬಹುದು. ಗಿಡದಲ್ಲಿ ಹಸುರಾಗಿದ್ದಾಗ ಹಸಿ ಮೆಣಸಿನಕಾಯಿ, ಕೆಂಪಾದಾಗ ಹಣ್ಣು ಮೆಣಸಿನಕಾಯಿ, ಕಣದಲ್ಲಿ ಸುಕ್ಕುಗಟ್ಟಿ ಕಡುಗೆಂಪಾದಾಗ ಒಣ ಮೆಣಸಿನಕಾಯಿ. ಮೂರು ಬಣ್ಣ, ಆದರೆ ಒಂದು ಹೆಸರಲ್ಲೂ ಬಣ್ಣದ ಪದ ಕಾಣಿಸುವುದಿಲ್ಲ. ಹೊಲದ ಮಾತೂ ಇದೇ ಬಗೆಯದು: ‘ಎರಿ ಹೊಲ’ ಅಂದರೆ ಸಾಕು, ಕಪ್ಪು ಎಂದು ಬೇರೆ ಹೇಳಬೇಕಿಲ್ಲ, ‘ಮಸಾರಿ’ ಅಂದರೆ ಕೆಂಪು ನೆಲ. ಸವಣೂರಿನ ಹೆಸರಾಂತ ವೀಳ್ಯದೆಲೆಯ ಹಸುರಿಗೆ ತಿಳಿ, ಎಳೆ, ಕಡು ಎಂಬ ಮುನ್ಪದಗಳೇ ಸಾಲುತ್ತವೆ.

ಒಂದೇ ಬಣ್ಣ ಎಲ್ಲೆಡೆ ಒಂದೇ ಆಗಿರುವುದೂ ಇಲ್ಲ. ‘ಹುಡುಗಿ ಕೆಂಪಗ ಅದಾಳ’ ಅಂದರೆ ಆಕೆಯ ಮೈಬಣ್ಣ ತಿಳಿ ಎಂದರ್ಥ. ಕೆಂದಾಕಳು ಕಂದು ಬಣ್ಣದ್ದು. ಕನ್ನಡ ಕಲಿಯುವ ಪರವೂರಿನವರು ಎಡವುವುದು ಇಲ್ಲೇ. ಐರಿಷ್ ಕಲಿಯುವವರಿಗೂ ಇಂಥದೇ ತೊಡಕು: ಅಲ್ಲಿ ಕೆಂಚು ಕೂದಲಿಗೆ ‘ರೂಅ’ ಎಂಬ ಪದ, ಬೇರೆ ಕೆಂಪಿಗೆ ‘ಡ್ಯಾರಗ್’; ‘ಗ್ಲಸ್’ ಎಂಬ ಒಂದೇ ಪದ ಹುಲ್ಲಿನ ಹಸಿರನ್ನೂ ಬೂದು ಬಣ್ಣವನ್ನೂ ಹಿಡಿಯುತ್ತದೆ.

ಕನ್ನಡದಲ್ಲೂ ಕೂದಲಿಗೇ ಮೀಸಲಾದ ಬಣ್ಣವಿದೆ: ನರೆ. ಬಟ್ಟೆ ನರೆಯುವುದಿಲ್ಲ, ಗೋಡೆ ನರೆಯುವುದಿಲ್ಲ. ತಲೆ, ಗಡ್ಡ, ಮೀಸೆ ಮಾತ್ರ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಯನ್ನು ‘ನರೆದಲೆಗ’ ಎಂದರು. ರಾಗಿತೆನೆಯನ್ನು ಮುದುಕನ ತಲೆಯಾಗಿ ಕಂಡ ಆ ಒಂದು ಪದದಲ್ಲಿ ಬಣ್ಣವೂ ವಯಸ್ಸೂ ಗೌರವವೂ ಕೂಡಿವೆ.

ಶಾಲೆಯ ಬಣ್ಣದ ಚಾರ್ಟಿನಲ್ಲಿ ನರೆಗಾಗಲಿ, ಎರಿಗಾಗಲಿ, ಕೆಂದಾಕಳಿಗಾಗಲಿ ಚೌಕವಿರುವುದಿಲ್ಲ. ಮಕ್ಕಳಿಗೆ ಬಣ್ಣ ಕಲಿಸುವವರು ಚಾರ್ಟಿನ ಜೊತೆಗೆ ಒಂದು ಹಿಡಿ ಎರಿಮಣ್ಣು, ಒಂದು ಹಿಡಿ ಮಸಾರಿ, ಹಸಿ–ಹಣ್ಣು–ಒಣ ಮೆಣಸಿನಕಾಯಿ ಮೂರನ್ನೂ ಮುಂದಿಡಲಿ.