ಮೀಟರ್ ಓದುವವನು ಓದಿ ಹೋದ, ನೀವು ಓದಿದಿರಾ?

ದಾವಣಗೆರೆ: ನಿಟ್ಟುವಳ್ಳಿಯಾಗಲಿ, ವಿನೋಬನಗರವಾಗಲಿ, ತಿಂಗಳಿಗೊಂದು ಸಲ ಬಾಗಿಲಲ್ಲಿ "ಕರೆಂಟ್ ಬಿಲ್!" ಎಂಬ ಕೂಗು ಕೇಳುತ್ತದೆ. ಮೀಟರಿನ ಕಡೆ ಒಂದು ನೋಟ, ಕೈಯಲ್ಲಿನ ಯಂತ್ರಕ್ಕೆ ನಾಲ್ಕು ಅಂಕಿ, ಚರ್ರೆಂದು ಒಂದು ಚೀಟಿ. ಬಂದವನು ಮುಂದಿನ ಮನೆಗೆ, ಚೀಟಿ ಗೋಡೆಯ ಮೊಳೆಗೆ. ಅದನ್ನು ಓದುವವರು ಎಷ್ಟು ಜನ?

2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಂದ ಮೇಲಂತೂ "ಸೊನ್ನೆ ಬಿಲ್ ತಾನೇ, ಬಿಡ್ರಿ" ಅನ್ನುವವರೇ ಹೆಚ್ಚು. ಆದರೆ ಸೊನ್ನೆಗೂ ಒಂದು ಗಡಿ ಉಂಟು. ನಿಮ್ಮ ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚು ಸೇರಿಸಿ ಮಿತಿ ಕಟ್ಟಿದ್ದಾರೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ತಲೆಯ ಮೇಲೆ. ಒಂದು ಅಂಕಿ ತಪ್ಪಿದರೂ ಕೂಲಿಯವನ ವಾರದ ಸಂತೆಗೆ ಕತ್ತರಿ.

ಓದುವುದೇನೂ ಬ್ರಹ್ಮವಿದ್ಯೆಯಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತವೆ. ಕೆ.ಡಬ್ಲ್ಯು.ಎಚ್. ಎಂಬ ಇಂಗ್ಲಿಷ್ ಅಕ್ಷರ ಜೊತೆಗಿರುವ ಅಂಕಿಯೇ ಯೂನಿಟ್. ಚುಕ್ಕೆಯ ಬಲಕ್ಕಿರುವುದನ್ನು ಬಿಡಿ. ಹೋದ ತಿಂಗಳು 4312, ಈಗ 4467 ಇದ್ದರೆ ಉರಿದದ್ದು 155 ಯೂನಿಟ್. ಚೀಟಿಯಲ್ಲೂ ಹಿಂದಿನ ಮಾಪನ, ಇಂದಿನ ಮಾಪನ ಎರಡೂ ಇರುತ್ತವೆ. ಆರ್.ಆರ್. ನಂಬರ್ ನಿಮ್ಮದೇ ತಾನೇ, ಅದನ್ನೂ ನೋಡಿ. ಬಾಡಿಗೆ ವಠಾರಗಳಲ್ಲಿ ಮೀಟರುಗಳು ಸಾಲಾಗಿರುತ್ತವೆ. ಪಕ್ಕದ ಮನೆಯ ಗೀಸರಿಗೆ ನೀವು ದುಡ್ಡು ಕಟ್ಟುವುದು ಬೇಡ. ಬಾಗಿಲಿಗೆ ಬೀಗ ಇದ್ದು ಮೀಟರ್ ಒಳಗಿದ್ದರೆ ಸರಾಸರಿ ಬಿಲ್ ಬರುತ್ತದೆ. ಮೀಟರ್ ಹೊರಗೋಡೆಯಲ್ಲಿದ್ದರೆ ಆ ತಂಟೆಯಿಲ್ಲ, ಅಪರಿಚಿತರನ್ನು ಒಳಗೆ ಬಿಡುವ ಪ್ರಮೇಯವೂ ಇಲ್ಲ.

ಇನ್ನು ಬಂದವನು ಅಸಲಿಯೋ ನಕಲಿಯೋ? "ಕೆಇಬಿಯಿಂದ ಬಂದಿದೀವಿ" ಎಂದರೆ ಸಾಕು, ಬಾಗಿಲು ತೆರೆಯುವವರಿದ್ದಾರೆ. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯಿತು. 2002ರಿಂದ ಈ ಊರಿಗೆ ಬೆಸ್ಕಾಂ. ಬಾಯಿಮಾತಿನಲ್ಲಿ ಹಳೇ ಹೆಸರು ಉಳಿದಿದೆ, ಆದ್ದರಿಂದ ಹೆಸರಲ್ಲ, ಗುರುತಿನ ಚೀಟಿ ಕೇಳಿ. ಅಸಲಿ ಮನುಷ್ಯ ಪ್ರತಿ ತಿಂಗಳೂ ಹೆಚ್ಚುಕಡಿಮೆ ಅದೇ ದಿನ ಬರುತ್ತಾನೆ, ಬೀದಿಯ ಮನೆಗಳನ್ನು ಸಾಲಾಗಿ ಮುಗಿಸುತ್ತಾನೆ. ಅವನ ಕೆಲಸ ಮೀಟರ್ ಇರುವ ಗೋಡೆಯ ತನಕ. ಅಡಿಗೆಮನೆ, ಬೀರು ಇರುವ ಕೋಣೆ ಅವನಿಗೆ ಬೇಕಿಲ್ಲ. ಬಾಗಿಲಲ್ಲೇ ನಗದು ಕೇಳಿದರೆ ಕೊಡಬೇಡಿ. ಬಿಲ್ ಕಟ್ಟಲು ಕೌಂಟರ್ ಇದೆ. ಅನುಮಾನ ಬಂದರೆ 1912ಕ್ಕೆ ಫೋನ್ ಮಾಡಿ, ಅಲ್ಲಿಯವರೆಗೆ ಅವನು ಹೊರಗೇ ನಿಲ್ಲಲಿ.

"ಮೀಟರ್ ನಿಧಾನ ಮಾಡಿಕೊಡ್ತೀನಿ, ಇಷ್ಟು ಕೊಡಿ" ಎನ್ನುವವನು ಸಿಕ್ಕರೆ ಇನ್ನೂ ಹುಷಾರ್. ಸೀಲ್ ಮುಟ್ಟಿ ಕರೆಂಟ್ ಕದ್ದರೆ 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ 3 ವರ್ಷದವರೆಗೆ ಜೈಲಾಗಬಹುದು. ಅವನು ಕಾಸು ಎಣಿಸಿಕೊಂಡು ಬಸ್ಸು ಹತ್ತುತ್ತಾನೆ, ಸಿಕ್ಕಿಬೀಳುವುದು ಮನೆಯಾತ.

ಬಾಗಿಲಿಗೇ ಬಾರದ ಕಳ್ಳರೂ ಇದ್ದಾರೆ. "ಬಿಲ್ ಕಟ್ಟಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ" ಎಂಬ ಸಂದೇಶ 2022ರಲ್ಲಿ ದೇಶದ ತುಂಬ ಓಡಾಡಿತು. ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡವರ ಬ್ಯಾಂಕ್ ಖಾತೆ ಬರಿದಾಯಿತು. ಅಂಥದ್ದು ಬಂದರೆ ಆ ನಂಬರಿಗಲ್ಲ, ಬಿಲ್ಲಿನಲ್ಲಿರುವ ನಂಬರಿಗೆ ಕೇಳಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ತಿಳಿಸಿ.

ಹಾಗಂತ ಬಿಸಿಲಲ್ಲಿ ಬೀದಿನಾಯಿಗಳ ನಡುವೆ ಮನೆಮನೆ ಸುತ್ತುವ ಬಡಪಾಯಿಯನ್ನು ಕಳ್ಳನಂತೆ ಕಾಣಬೇಡಿ. ಗುರುತಿನ ಚೀಟಿ ಕೇಳಿದರೆ ಅಸಲಿಯವನಿಗೆ ಅವಮಾನವಿಲ್ಲ. ತೋರಿಸಿದ ಮೇಲೆ ಒಂದು ಲೋಟ ನೀರು ಕೊಡಿ. ಅವನು ನೀರು ಕುಡಿಯುವಷ್ಟರಲ್ಲಿ ಮೀಟರನ್ನೂ ಚೀಟಿಯನ್ನೂ ತಾಳೆ ನೋಡಿ. ತಪ್ಪಿದ್ದರೆ ಅಲ್ಲೇ ಹೇಳಬಹುದು. ಅವನು ಬೀದಿ ದಾಟಿದ ಮೇಲೆ ನೀವು ಆಫೀಸಿನ ಮೆಟ್ಟಿಲು ಹತ್ತಬೇಕಾಗುತ್ತದೆ, ಅಷ್ಟೆ!