ತೇಗದ ಹಲಗೆ ಬೇಸಿಗೆಯಲ್ಲಿ ಸೀಳಿತೇಕೆ?

ಪ್ರಶ್ನೆ: ಮನೆಯ ಮರಗೆಲಸಕ್ಕೆಂದು ಒಂದು ಮೇಜು ಮಾಡಿದೆ. ಕೆಳಗೆ ಡ್ರಾಯರುಗಳಿರುವ ಪ್ಲೈವುಡ್ ಕಪಾಟು, ಮೇಲೆ ತೇಗದ ದಪ್ಪ ಹಲಗೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಹಲಗೆ ಬೇಸಿಗೆಯಲ್ಲಿ ಸೀಳಿತು. ಮರ ಕೆಟ್ಟದ್ದೇ?

ಉತ್ತರ: ತಪ್ಪು ಮರದ್ದಲ್ಲ, ಬಹುಶಃ ಸ್ಕ್ರೂಗಳದ್ದು. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಇದು ಲೆಕ್ಕಕ್ಕಿಲ್ಲ. ಅಗಲದಲ್ಲಿ ಮಾತ್ರ, 2 ಅಡಿಯ ಹಲಗೆ ಕೆಲವು ಮಿಲಿಮೀಟರ್ ಹಿಂದೆಮುಂದೆ ಆಗುವುದುಂಟು. ಪ್ಲೈವುಡ್ಡಿನ ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿರುವುದರಿಂದ ಅದು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಎರಡನ್ನೂ ಸುತ್ತಲೂ ಬಿಗಿದರೆ ಕುಗ್ಗಲು ಜಾಗವಿಲ್ಲದ ಹಲಗೆ ಬಾಯಿ ಬಿಡದೆ ಇನ್ನೇನು ಮಾಡೀತು?

ಮುಂದಿನ ಸಾಲಿನ ಸ್ಕ್ರೂಗಳು ಬಿಗಿಯಾಗಿಯೇ ಇರಲಿ. ಮುಂಬದಿಯ ಅಂಚು ಕಪಾಟಿನೊಂದಿಗೆ ಸಮವಾಗಿ ನಿಲ್ಲಬೇಕು. ಹಿಂದಿನ ಸಾಲಿನಲ್ಲಿ ಕಪಾಟಿನ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದನಾಗಿ ಕೊರೆದು, ವಾಷರ್ ಹಾಕಿ ಸ್ಕ್ರೂ ಕೂರಿಸಿ. ಹಲಗೆ ಹಿಂದಕ್ಕೆ ಬೇಕಾದಷ್ಟು ಸರಿಯಲಿ.

ಪಾಲಿಶ್ ವಿಚಾರ. ಮಿರಮಿರ ಮಿಂಚುವ ವಾರ್ನಿಷ್ ಊಟದ ಮೇಜಿಗೆ ಸರಿ, ಇಲ್ಲಿ ಕೆಲಸದ ತುಂಡು ಜಾರುತ್ತದೆ. ಅಗಸೆ ಎಣ್ಣೆಯೇ ಸಾಕು. ಅಡಿಭಾಗಕ್ಕೂ ಹಚ್ಚಿ, ಇಲ್ಲದಿದ್ದರೆ ಎರಡು ಮೈಗಳು ಬೇರೆಬೇರೆ ವೇಗದಲ್ಲಿ ತೇವ ಹೀರಿ ಹಲಗೆ ಬಾಗೀತು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಈ ಎಣ್ಣೆ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸಿಕ್ಕಿಕೊಂಡರೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಹರವಿ ಒಣಗಿಸಿ.